ಕತ್ತರಿಸಿ ಬಿಸಾಡಿದ ಹೊಳೆ

ಇದು ಕಟ್ಟುಕಥೆ ಅನ್ನುವವರು ರಾಣೆಬೆನ್ನೂರಿಗೆ ಬಂದು ನನ್ನೆದುರು ಕೂತು ಅನ್ನಲಿ. ಅನುಭವಿಸಿದವಳು ನಾನು.

ನಮ್ಮದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಆ ಬೇಸಿಗೆಯಲ್ಲಿ ನಿವೃತ್ತ ಮಾಸ್ತರರೊಬ್ಬರು ಹಳೆಯ ಸರ್ವೆ ನಕ್ಷೆ ತಂದುಕೊಟ್ಟರು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಅಚ್ಚಾದದ್ದು. ಕಂದು ಗೆರೆಗಳ ಗುಡ್ಡ, ಬುಡದಲ್ಲಿ ನೀಲಿ ಹೊಳೆ, ದಂಡೆಯ ಮೇಲೆ ಸಣ್ಣ ಸಣ್ಣ ಊರುಗಳು.

ತಯಾರಿದ್ದ ಫ್ರೇಮಿಗೆ ನಕ್ಷೆ ಒಂಚೂರು ದೊಡ್ಡದಾಯಿತು. ನಮ್ಮ ಮನೆಯವರು ಕಟರ್ ತೆಗೆದರು.

“ರೀ, ಮಾಸ್ತರನ್ನ ಒಂದ್ ಮಾತು ಕೇಳ್ರಿ. ಹೊಳಿನ ಹೋಗತೈತಿ.”

“ಅಂಚು ತೆಗೀಲಾರದ ಯಾವ ಕಟ್ಟು ಕುಂದರತೈತಿ? ಸುಮ್ನಿರ ಗಿರಿಜಾ.”

ಮೊಂಡ ಮನುಷ್ಯ! ಒಂದೇ ಎಳೆತಕ್ಕೆ ಹೊಳೆಯಿದ್ದ ಪಟ್ಟಿ ನೆಲಕ್ಕೆ ಬಿತ್ತು.

ಸಂಜೆ ಅವರು ತೀರಿಕೊಂಡ ಅಜ್ಜನೊಬ್ಬನ ಫೋಟೋ ಮುಟ್ಟಿಸಲು ಹಲಗೇರಿ ಆಚೆಯ ಹೊಳೆದಂಡೆಯ ಊರಿಗೆ ಬೈಕ್ ಹತ್ತಿದರು. ಕತ್ತರಿಸಿದ ಪಟ್ಟಿಯಲ್ಲಿ ಆ ಊರೂ ಇತ್ತು. ಆಗ ನಮಗೆ ಅದರ ಪರಿವೆಯೇ ಇರಲಿಲ್ಲ.

ದೀಪ ಹಚ್ಚಿದ ಮೇಲೆ ಕಸ ಹೊಡೆದರೆ ಲಕ್ಷ್ಮಿ ಹೋಗುತ್ತಾಳೆ ಅಂತ ನಾವು ಮೊದಲೇ ಗುಡಿಸುತ್ತೇವೆ. ಮುಸ್ಸಂಜೆಗೆ ಚೂರುಪಾರನ್ನೆಲ್ಲ ಅಂಗಡಿ ಮುಂದೆ ಗುಡ್ಡೆ ಹಾಕಿ ಕಡ್ಡಿ ಗೀರಿದೆ. ಕತ್ತಲಾಗುತ್ತಿತ್ತು… ಫೋನ್ ಬಂತು.

“ಗಿರಿಜಾ… ಡಾಂಬರು ರಸ್ತಿ ಮುಗದ ಹೋತು. ಮುಂದ ಏನೂ ಇಲ್ಲ… ಬರೇ ಬಿಳೇದು.”

“ಕುಡದೀರೇನ್ರಿ?”

“ದೇವರಾಣಿ ಇಲ್ಲ. ಸುಟ್ಟ ಕಾಗದದ ವಾಸನಿ… ಕಾಲು ಸುಡಾಕತ್ತಾವ. ಮ್ಯಾಲ ಯಾರೋ ನಿಂತಾರ… ಅಯ್ಯೋ, ನೀನ ಅದೀಯಲ್ಲ!”

ಕೆಳಗೆ ನೋಡಿದೆ. ಬೆಂಕಿಯ ನಡುವೆ ಆ ಪಟ್ಟಿ ಸುರುಳಿಯಾಗುತ್ತಿತ್ತು.

“ಹೆದರಬ್ಯಾಡ್ರಿ, ಆರಸ್ತೇನಿ!” ಎಂದು ಚೀರಿ, ಕೈಗೆ ಸಿಕ್ಕ ತಂಬಿಗೆ ನೀರನ್ನು ಸುರಿದೆ. ಚುಸ್ ಎಂದು ಬೆಂಕಿ ಆರಿತು.

ಫೋನಿನಲ್ಲಿ ಭೋರ್ ಎನ್ನುವ ಸದ್ದು… “ಗಿರಿಜಾ, ಸಾಕ… ಸಾಕ…” ಆಮೇಲೆ ಗುಳುಗುಳು. ಆಮೇಲೆ ಏನೂ ಇಲ್ಲ.

ಬತ್ತಿದ ಹೊಳೆಯ ಪಕ್ಕ, ಡಾಂಬರು ರಸ್ತೆಯ ಮೇಲೆಯೇ ಅವರು ಸಿಕ್ಕರು. ಬೈಕು, ಫೋಟೋ, ಮೈಮೇಲಿನ ಅಂಗಿ, ಎಲ್ಲ ಒಣಗಿಯೇ ಇದ್ದವು. ಪಾದಗಳಲ್ಲಿ ಮಾತ್ರ ಬೊಬ್ಬೆಗಳು ಎದ್ದಿದ್ದವು.

ಡಾಕ್ಟರ್ ನನ್ನ ಮುಖ ನೋಡದೆ ಹೇಳಿದರು: “ಎದಿ ತುಂಬ ನೀರ ಐತವ್ವಾ, ಮುಳುಗಿ ಸತ್ತಾರ. ಕಾಲಿನ ಸುಟ್ಟ ಗಾಯ ಏನ್ ದೊಡ್ಡದಲ್ಲ… ಮುಲಾಮು ಹಚ್ಚಿದ್ರ ಮಾಯತಿತ್ತು.”

ಹೆಣದ ಮೈ ತೊಳೆಯುವಾಗ, ಕಟ್ಟಿಕೊಂಡವಳು ನೀನೇ ಮೊದಲು ನೀರು ಹಾಕು ಎಂದರು ಹಿರಿಯರು. ಬೈದರು, ಬೇಡಿಕೊಂಡರು. ನಾನು ಕೊಡ ಮುಟ್ಟಲಿಲ್ಲ. ಹಾಕಿದೊಡನೆ ಅವರು ಮತ್ತೆಲ್ಲಿಂದಲೋ ‘ಸಾಕು’ ಎಂದು ಕೂಗಿದ್ದರೆ?