ಮಂಗಳವಾರದ ಮೂರು ಚುಕ್ಕೆ

ಅಂಬರನಾಥದ ಕಾರ್ಖಾನೆಗಳಿಗೆ ವಾರದ ರಜೆ ಶುಕ್ರವಾರ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಮಾನ ಹೋದದ್ದಕ್ಕೆ ಅರ್ಧ ಕಾರಣ ಅದೇ. ಉಳಿದರ್ಧ ನನ್ನ ಹೆಬ್ಬೆರಳು.

ಗಿಡಮೂಲಿಕೆಗಳ ಪುಡಿ ಮತ್ತು ಸತ್ವ ತಯಾರಿಸುವ ಒಂದು ಸಣ್ಣ ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ಕೆಲಸ. ಬೆಳಿಗ್ಗೆ ಡೊಂಬಿವಲಿಯಲ್ಲಿ ಕರ್ಜತ್ ಕಡೆಯ ಗಾಡಿ ಹಿಡಿಯುತ್ತೇನೆ. ಊರಿಗೆ ಊರೇ ಮುಂಬಯಿ ಕಡೆಗೆ ಬಾಗಿಲಲ್ಲಿ ನೇತಾಡುತ್ತ ಹೋಗುವ ಹೊತ್ತಿಗೆ ನಾನು ಎದುರು ದಿಕ್ಕಿನಲ್ಲಿ ಕಿಟಕಿ ಪಕ್ಕ ಕೂತು ಗಾಳಿ ಕುಡಿಯುತ್ತ ಹೋಗುತ್ತೇನೆ. ಈ ಸುಖದಿಂದಲೇ ನನಗೆ ಸ್ವಲ್ಪ ಸೊಕ್ಕು ಬಂದಿದೆ ಎಂದು ಅತ್ತೆಯ ಅಭಿಪ್ರಾಯ. ಅತ್ತೆಯ ಅಭಿಪ್ರಾಯಗಳು ಸಾಮಾನ್ಯವಾಗಿ ಸುಳ್ಳಾಗುವುದಿಲ್ಲ.

ಲ್ಯಾಬಿನಲ್ಲಿ ನನ್ನ ಪಾಲಿಗೆ ಬಂದದ್ದು ಟಿಎಲ್‌ಸಿ ಎಂಬ ಪರೀಕ್ಷೆ. ಶಾಲೆಯಲ್ಲಿ ಸೀಮೆಸುಣ್ಣಕ್ಕೆ ಶಾಯಿ ಹಚ್ಚಿ ನೀರಿನಲ್ಲಿ ನಿಲ್ಲಿಸಿ ಬಣ್ಣಗಳು ಬೇರೆಬೇರೆಯಾಗಿ ಮೇಲೇರುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಸಿಲಿಕಾ ಬಳಿದ, ಅಂಗೈಯಗಲದ ಒಂದು ಬಿಳಿ ತಗಡು. ಅದರ ಬುಡದಲ್ಲಿ ಒಂದು ಗೆರೆ, ಗೆರೆಯ ಮೇಲೆ ಕೂದಲೆಳೆಯಷ್ಟು ಸಣ್ಣ ಗಾಜಿನ ಕೊಳವೆಯಿಂದ ಎರಡು ಚುಕ್ಕೆ. ಒಂದು ಅಸಲಿ ಎಂದು ನಾವು ನಂಬಿ ಇಟ್ಟುಕೊಂಡ ಮೂಲಿಕೆಯದು, ಮೊದಲೇ ಕರಗಿಸಿ ಸೀಸೆಯಲ್ಲಿಟ್ಟದ್ದು. ಇನ್ನೊಂದು ಹೊಸದಾಗಿ ಬಂದ ಮಾಲಿನದು, ಅಂದೇ ಗಾಜಿನ ನಳಿಕೆಯಲ್ಲಿ ಮೆಥನಾಲ್ ಎಂಬ ದ್ರಾವಕದ ಜೊತೆ ಕುಲುಕಿ ತೆಗೆದದ್ದು. ತಗಡನ್ನು ದ್ರಾವಕದ ಜಾಡಿಯಲ್ಲಿ ನಿಲ್ಲಿಸಿದರೆ ದ್ರಾವಕ ಮೇಲೇರುತ್ತದೆ. ಮೂಲಿಕೆಯೊಳಗಿನ ಒಂದೊಂದು ಸತ್ವವೂ ಅದರ ಜೊತೆ ತನ್ನಿಂದಾದಷ್ಟು ದೂರ ನಡೆದು ನಿಲ್ಲುತ್ತದೆ. ಆಮೇಲೆ ಕತ್ತಲ ಪೆಟ್ಟಿಗೆಯ ನೇರಳೆ ಬೆಳಕಿನಲ್ಲಿ ಇಟ್ಟು ನೋಡಬೇಕು. ಎರಡೂ ಸಾಲಿನ ಚುಕ್ಕೆಗಳು ಒಂದೇ ತರಹ ಹೊಳೆದರೆ ಮಾಲು ಪಾಸು, ಇಲ್ಲದಿದ್ದರೆ ವಾಪಸು.

ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಆ ಗೆರೆಯನ್ನು ಪೆನ್ಸಿಲ್ಲಿನ ಬದಲು ಪೆನ್ನಿನಲ್ಲಿ ಎಳೆದಿದ್ದೆ. ಅಶ್ವಗಂಧ ಎಲ್ಲೋ ಮರೆಯಾಯಿತು, ಪೆನ್ನಿನ ಶಾಯಿ ಮಾತ್ರ ನೀಲಿ, ನೇರಳೆ, ಗುಲಾಬಿಯಾಗಿ ಮೆರವಣಿಗೆ ಹೊರಟಿತು. ಲ್ಯಾಬಿನ ಮುಖ್ಯಸ್ಥರಾದ ನಮ್ಮ ಸರ್ ಉಡುಪಿ ಕಡೆಯವರು, ಅವರ ತಂದೆ ಠಾಣೆಯಲ್ಲಿ ಹೋಟೆಲು ನಡೆಸಿದವರು. ತಗಡನ್ನು ಮಸಾಲೆದೋಸೆಯ ಹಾಗೆ ಎತ್ತಿ ಹಿಡಿದು ನೋಡಿ, "ಎಂತ ಮಾರಾಯ್ರೆ, ನಾವು ಇಲ್ಲಿ ಪೆನ್ನು ಟೆಸ್ಟ್ ಮಾಡ್ಲಿಕ್ಕೆ ಕೂತದ್ದಾ?" ಎಂದಿದ್ದರು. ಅಂದಿನಿಂದ ನಾನು ಬಹಳ ಹುಷಾರು. ಹುಷಾರಿನ ಜೊತೆ ಹೆಮ್ಮೆಯೂ ಬಂತು. ನಮ್ಮ ಬಿಲ್ಡಿಂಗಿನ ಹೆಂಗಸರು ಖಾರದಪುಡಿ ತಂದು ಕಲಬೆರಕೆ ಇದೆಯೇ ನೋಡು ಎಂದರೆ, ಡಾಕ್ಟರಂತೆ ಮುಖ ಮಾಡಿಕೊಂಡು ಪೊಟ್ಟಣ ಮೂಸಿ ಕೊಡುತ್ತಿದ್ದೆ.

ನಮಗೆ ಅಮೃತಬಳ್ಳಿ ಪುಡಿ ತಂದುಕೊಡುತ್ತಿದ್ದವಳು ಬದಲಾಪುರದಾಚೆಯ ಹಳ್ಳಿಯ ಒಬ್ಬ ಮರಾಠಿ ಹೆಂಗಸು, ನಾವೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಅವಳ ಜೊತೆ ಏಳೆಂಟು ಹೆಂಗಸರು ಬಳ್ಳಿ ಕಡಿದು, ಒಣಗಿಸಿ, ಕುಟ್ಟಿ, ಜರಡಿ ಹಿಡಿಯುತ್ತಿದ್ದರು. ಸೋಮವಾರ ಅವಳು ಅಂಬರನಾಥದ ಶಿವನ ಗುಡಿಗೆ ಬರುವುದು ತಪ್ಪದು. ಬರುವಾಗ ಮೂಟೆಯನ್ನೂ ಗಾಡಿಯಲ್ಲಿ ತಂದು ನಮ್ಮ ಗೇಟಿನಲ್ಲಿ ಇಳಿಸಿ, ಆಮೇಲೆ ದೇವರ ಹತ್ತಿರ ಹೋಗುತ್ತಿದ್ದಳು. ಅದರ ಪರೀಕ್ಷೆ ಮರುದಿನ, ಮಂಗಳವಾರ, ನನ್ನ ಕೈಯಲ್ಲಿ.

ಮಳೆಗಾಲ ಶುರುವಾದ ತಿಂಗಳು, ಅವಳ ಮಾಲಿನ ಸಾಲಿನಲ್ಲಿ ಇರಬಾರದ ಮೂರು ಚುಕ್ಕೆ ಕಂಡವು. ಹಳದಿಯಾಗಿ, ಒಂದರ ಕೆಳಗೊಂದು, ನಿಚ್ಚಳವಾಗಿ ಹೊಳೆಯುತ್ತಿದ್ದವು. ಕಲಿತವರಿಗೆ ಆ ಮೂರು ಚುಕ್ಕೆಯ ಗುರುತು ಹೇಳಬೇಕಾಗಿಲ್ಲ. ಅರಿಸಿನ! ಅಸಲಿ ಅರಿಸಿನದ ಮೂರು ಹಳದಿ ಸತ್ವಗಳೇ ಹೀಗೆ ಸಾಲಾಗಿ ನಿಲ್ಲುತ್ತವೆ. ನಾನು ಕುರ್ಚಿಯಿಂದ ಎದ್ದು ಓಡಿದೆ.

"ಸರ್, ಅಮೃತಬಳ್ಳಿಯೊಳಗ ಅರಿಷಿಣ ಬೆರಸ್ಯಾರ್ರೀ."

ಸರ್ ಕನ್ನಡಕ ಏರಿಸಿ ನೋಡಿದರು. "ಅಲ್ಲ, ಅರಿಶಿನ ಯಾಕೆ ಹಾಕುದು? ಇನ್ನೊಮ್ಮೆ ನೋಡಿ."

"ಪ್ಲೇಟ್ ಸುಳ್ಳು ಹೇಳಂಗಿಲ್ರೀ ಸರ್."

ಅದೇ ದಿನ ಇನ್ನೊಮ್ಮೆ ಮಾಡಿದೆ. ಮತ್ತೆ ಮೂರು ಚುಕ್ಕೆ. ಮೂಟೆ ವಾಪಸು ಹೋಯಿತು. ಎರಡು ವಾರ ಬಿಟ್ಟು ಬಂದ ಎರಡನೆಯ ಮೂಟೆಯದೂ ಅದೇ ಗತಿ. ಮೂರು ಸಲ ಮಾಲು ಫೇಲಾದರೆ ತಂದವರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುವುದು ಕಾರ್ಖಾನೆಯ ನಿಯಮ. ಅವಳಿಗೆ ಇನ್ನುಳಿದದ್ದು ಒಂದೇ ಸಲ. ಹಾಗೆಂದು ಅವಳಿಗೆ ಫೋನಿನಲ್ಲಿ ಹೇಳಿದವಳೂ ನಾನೇ. ಹೇಳುವಾಗ ದನಿಯಲ್ಲಿ ಮರುಕ ಇಟ್ಟುಕೊಂಡಿದ್ದೆ, ಒಳಗೆ ಕಳ್ಳನನ್ನು ಹಿಡಿದ ಪೊಲೀಸನ ಖುಷಿ.

ಮಾವಶಿ ಫೋನಿನಲ್ಲೇ ಒಂದು ಮಾತು ಕೇಳಿದ್ದಳು. "ಗುಳವೇಲಾತ ಹಳದ ಕಶಾಲಾ ಘಾಲೂ, ಬಾಯಿ? ಹಳದ ಮಹಾಗ ಆಹೆ!" ಬೇಲಿಯ ಮೇಲೆ ಪುಕ್ಕಟೆ ಬೆಳೆಯುವ ಬಳ್ಳಿಗೆ ದುಬಾರಿ ಅರಿಸಿನ ಸುರಿಯಲು ನನಗೇನು ಹುಚ್ಚೇ ಎಂದು ಅರ್ಥ. ಇಷ್ಟು ನೇರವಾದ ಮಾತು ಎಂ.ಎಸ್ಸಿ. ಮಾಡಿದ ನನ್ನ ತಲೆಗೆ ಹೋಗಲಿಲ್ಲ. ಒಂದೇ ಒರಳಲ್ಲಿ ಎರಡನ್ನೂ ಕುಟ್ಟುತ್ತಿರಬೇಕು, ತೊಳೆಯಲು ಮೈಗಳ್ಳತನ ಎಂದು ನಾನೇ ತೀರ್ಪು ಕೊಟ್ಟುಕೊಂಡೆ.

ಮೂರನೆಯ ಸಲ ಅವಳು ಸೋಮವಾರ ಮೂಟೆ ಇಳಿಸಿ ಹೋದವಳು, ಮಂಗಳವಾರ ಬೆಳಿಗ್ಗೆ ಮತ್ತೆ ಬಂದಳು. ಪರೀಕ್ಷೆ ತನ್ನ ಕಣ್ಣೆದುರೇ ಆಗಲಿ ಎಂದು ಗೇಟಿನಲ್ಲಿ ಕೂತಳು. ಲ್ಯಾಬಿಗೆ ಹೊರಗಿನವರು ಬರುವಂತಿಲ್ಲ ಎಂದು ನಾನು ಹೇಳುತ್ತಿದ್ದಂತೆಯೇ ಸರ್, "ಬರ್ಲಿ ಮಾರಾಯ್ರೆ, ನೋಡ್ಲಿ, ನೋಡುದ್ರಲ್ಲಿ ಎಂತ ಉಂಟು?" ಎಂದು ಅವಳಿಗೆ ಸ್ಟೂಲು ಹಾಕಿಸಿದರು. ಒಂಬತ್ತು ಗಜದ ಸೀರೆಯ ಕಚ್ಚೆ ಸರಿಮಾಡಿಕೊಂಡು, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ಅವಳು ಕೂತಳು. ಚೀಲದ ಹಿಡಿಯನ್ನು ಹಿಡಿದ ಬೆರಳುಗಳು ಸಡಿಲವಾಗಲೇ ಇಲ್ಲ.

ಪುಡಿಯನ್ನು ನಳಿಕೆಗೆ ಹಾಕಲು ಹೊರಟಾಗ ಅವಳು ತಡೆದಳು. "ಆಧೀ ರಿಕಾಮಾ ತರಾಜೂ ದಾಖವ." ತೂಗುವ ಮೊದಲು ಖಾಲಿ ತಕ್ಕಡಿ ತೋರಿಸು ಎಂದಳು. ಅವರ ಊರ ಸಂತೆಯಲ್ಲಿ ತಕ್ಕಡಿ ಬರಿದಾಗಿದ್ದಾಗ ನೆಟ್ಟಗೆ ನಿಲ್ಲುವುದನ್ನು ನೋಡದೆ ಯಾರೂ ಮಾಲು ಇಡುವುದಿಲ್ಲವಂತೆ. ನನಗೆ ಸಿಟ್ಟು ನೆತ್ತಿಗೇರಿತು. ಕಲಿತವಳಿಗೆ ಪಾಠ ಹೇಳಲು ಬಂದಳಲ್ಲ ಎಂದುಕೊಂಡೆ. ಆದರೆ ನಮ್ಮ ಪುಸ್ತಕದಲ್ಲೂ ಮೊದಲು ಪುಡಿ ಬೆರೆಸದ ಬರೀ ದ್ರಾವಕವನ್ನು ಒಮ್ಮೆ ಓಡಿಸಿ ನೋಡಬೇಕೆಂದೇ ಇದೆ. ಸಮಯ ಉಳಿಸಲು ನಾನು ಅದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

"ನೋಡ್ರಿ, ನಿಮ್ಮ ಸಮಾಧಾನಕ್ಕ," ಎಂದು ಶುದ್ಧ ಮೆಥನಾಲನ್ನು ಖಾಲಿ ನಳಿಕೆಗೆ ಹಾಕಿದೆ. ಯಾವಾಗಲೂ ಮಾಡುವ ಹಾಗೆ ನಳಿಕೆಯ ಬಾಯಿಗೆ ಹೆಬ್ಬೆರಳು ಒತ್ತಿ ಜೋರಾಗಿ ಕುಲುಕಿದೆ. ಚುಕ್ಕೆ ಇಟ್ಟೆ. ಜಾಡಿಯಲ್ಲಿ ನಿಲ್ಲಿಸಿದೆ. ಒಣಗಿಸಿ ಕತ್ತಲ ಪೆಟ್ಟಿಗೆಯಲ್ಲಿ ಇಟ್ಟೆ. ಮೂವರೂ ಬಗ್ಗಿ ನೋಡಿದೆವು.

ಮೂರು ಹಳದಿ ಚುಕ್ಕೆ.

ಸರ್ ಕನ್ನಡಕ ಏರಿಸಿ ಇನ್ನೊಮ್ಮೆ ಬಗ್ಗಿದರು. ಆಮೇಲೆ ಮೆಲ್ಲಗೆ, "ಮೆಥನಾಲಿಗೂ ಇವರೇ ಅರಿಶಿನ ಹಾಕಿದ್ದಾ?" ಎಂದರು.

ಮಾವಶಿ ಚುಕ್ಕೆ ನೋಡುವುದನ್ನು ಬಿಟ್ಟು ನನ್ನ ಕೈ ನೋಡುತ್ತಿದ್ದಳು. ನನ್ನ ಬಲಗೈ ಹಿಡಿದೆಳೆದು ಕಿಟಕಿಯ ಬೆಳಕಿಗೆ ಒಡ್ಡಿದಳು. ಉಗುರಿನ ಸಂದಿಯಿಂದ ಹೆಬ್ಬೆರಳಿನ ಗೆರೆಗಳವರೆಗೆ ಬಂಗಾರದಂಥ ಹಳದಿ. ಮೂಸಿ ನೋಡಿ, "ಹಳದ!" ಎಂದಳು.

ನಮ್ಮ ಮನೆಯಲ್ಲಿ ಮಂಗಳವಾರ ಮತ್ತು ಶುಕ್ರವಾರ ಹೊಸ್ತಿಲು ತೊಳೆದು, ಅರಿಸಿನ ಕಲಸಿ ಬಳಿದು, ರಂಗೋಲಿ ಎಳೆದ ಮೇಲೆಯೇ ಸೊಸೆ ಹೊರಗೆ ಕಾಲಿಡಬೇಕು. ಬ್ಲಾಕು ಮೂರನೆಯ ಮಾಳಿಗೆಯಲ್ಲಿದ್ದರೇನು, ಹೊಸ್ತಿಲು ಹೊಸ್ತಿಲೇ. ಸಾಂಗಲಿಯ ಕೊಂಬು ತರಿಸಿ ಅತ್ತೆ ತಾವೇ ಪುಡಿ ಮಾಡಿಸಿದ ಅರಿಸಿನ ಅದು. "ಸಾಬಣ ಹಚ್ಚಿ ತೊಳಕೋಬ್ಯಾಡ, ಮುತ್ತೈದಿ ಕೈಯಾಗಿನ ಅರಿಷಿಣ ಅದು" ಎಂದು ಪ್ರತಿ ಸಲ ಹೇಳುತ್ತಿದ್ದರು. ನಾನೂ ನೀರಿನಲ್ಲಿ ಕೈ ಅದ್ದಿ ಗಾಡಿಗೆ ಓಡುತ್ತಿದ್ದೆ. ನೀರಿಗೆ ಬಿಡದ ಅರಿಸಿನ ಮೆಥನಾಲಿಗೆ ಕ್ಷಣದಲ್ಲಿ ಬಿಡುತ್ತದೆ. ಶುಕ್ರವಾರ ಕಾರ್ಖಾನೆಗೆ ರಜೆ, ಹಾಗಾಗಿ ನನ್ನ ಪಾಪವೆಲ್ಲ ಮಂಗಳವಾರಕ್ಕೇ ಗಂಟುಬಿತ್ತು. ಮಂಗಳವಾರ ಪರೀಕ್ಷೆಗೆ ಬರುತ್ತಿದ್ದುದು ಅವಳ ಮೂಟೆ ಒಂದೇ. ಮಳೆಗಾಲಕ್ಕೆ ಮುಂಚೆ ಹೊಸ್ತಿಲು ಅತ್ತೆಯದೇ ಆಗಿತ್ತು, ಅವರ ಮಂಡಿನೋವು ಹೆಚ್ಚಾದಾಗ ನನ್ನ ಕೈಗೆ ಬಂದಿತ್ತು. ಕಪಾಟಿನಲ್ಲಿ ಕೈಗವಸಿನ ಡಬ್ಬಿ ಇತ್ತು. ದೊಡ್ಡ ಅಳತೆ, ಕೊಳವೆ ಜಾರುತ್ತದೆ ಎಂಬ ನೆಪವೂ ನನ್ನಲ್ಲಿತ್ತು.

ಸರ್ ನಕ್ಕರು. ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಕೈ ತೊಳೆದು, ಗವಸು ಹಾಕಿಕೊಂಡು, ನಳಿಕೆಗೆ ಬಿರಡೆ ಹಾಕಿ ಎಲ್ಲವನ್ನೂ ಮೊದಲಿನಿಂದ ಮಾಡಿದೆ. ಅವಳ ಅಮೃತಬಳ್ಳಿ ನಮ್ಮ ಅಸಲಿ ಮಾದರಿಯ ಪಕ್ಕದಲ್ಲಿ ಅವಳಿಜವಳಿಯ ಹಾಗೆ ನಿಂತಿತು.

"ತಪ್ಪು ನಂದು, ಮಾವಶಿ. ಮಾಫ ಕರಾ," ಎಂದೆ. ಬೈಯಲಿ ಎಂದು ಕಾದೆ, ಅವಳು ಬೈಯಲಿಲ್ಲ. ವಾಪಸು ಕಳಿಸಿದ ಎರಡು ಮೂಟೆಗಳನ್ನು ಮತ್ತೆ ತರಲು ಸರ್ ಹೇಳಿದಾಗ ಅವಳು ಚೀಲದ ಹಿಡಿ ತಿರುವುತ್ತ, ಒಂದನ್ನು ತರುತ್ತೇನೆ ಎಂದಳು. ಇನ್ನೊಂದು ಸ್ಟೇಷನ್ನಿನಿಂದ ಊರಿಗೆ ಒಯ್ಯುವಾಗ ಮಳೆಗೆ ನೆನೆದು ಬೂಷ್ಟು ಹಿಡಿದು ತಿಪ್ಪೆ ಸೇರಿತ್ತು. ಏಳೆಂಟು ಹೆಂಗಸರು ಕುಟ್ಟಿದ ಪುಡಿ ಅದು. ಅದನ್ನು ಕೇಳಿದಾಗ ಆದ ನಾಚಿಕೆ ನನಗೆ ಈಗಲೂ ಆಗುತ್ತದೆ. ಸರ್ ಕೂಡ ನಗು ನಿಲ್ಲಿಸಿದರು.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅವರ ಕಿವಿಗೆ ಬಿದ್ದದ್ದು ಒಂದೇ ವಿಷಯ. "ಮೂರೂ ಚುಕ್ಕಿ ಬಂದಾವಂದ್ರ ನಮ್ಮ ಅರಿಷಿಣ ಅಸ್ಸಲ್ ಅದ ಅಂದಂಗಾತು!" ಆ ಸುದ್ದಿ ಬಿಲ್ಡಿಂಗಿನ ನಾಲ್ಕೂ ಮಾಳಿಗೆಗೆ ಮುಟ್ಟಿತು, ನನ್ನ ತಪ್ಪಿನ ಸುದ್ದಿ ಮುಟ್ಟಲಿಲ್ಲ. ಮಲಗುವ ಮುಂಚೆ ಮಾತ್ರ, "ಮಂಗಳವಾರದ ಹೊಸ್ತಿಲಾ ನಾನ ಬಳೀತೀನಿ. ಮಂಡಿ ನೋಯಲಿ ಬಿಡು. ಯಾರ್ದೋ ಅನ್ನಕ್ಕ ನಮ್ಮ ಅರಿಷಿಣ ಅಡ್ಡ ಬರಬಾರದು," ಎಂದರು.

ಮಾವಶಿ ಈಗಲೂ ಸೋಮವಾರ ಗುಡಿಗೆ ಬರುತ್ತಾಳೆ. ಆದರೆ ಮೂಟೆಯನ್ನು ಗೇಟಿನಲ್ಲಿ ಬಿಡುವುದಿಲ್ಲ, ನೇರ ಲ್ಯಾಬಿನ ಬಾಗಿಲಿಗೆ ತರುತ್ತಾಳೆ, ಪರೀಕ್ಷೆಯೂ ಅಂದೇ ಆಗಬೇಕು. ಮೂಟೆಯ ಬಾಯಿ ಬಿಚ್ಚುವ ಮೊದಲು, "ಹಾತ ದಾಖವ" ಎನ್ನುತ್ತಾಳೆ. ನಾನು ಎರಡೂ ಅಂಗೈ ಚಾಚಿ, ತಿರುಗಿಸಿ, ಉಗುರು ತೋರಿಸುತ್ತೇನೆ. ಅವಳು ಕಿಟಕಿಯ ಬೆಳಕಿಗೆ ಹಿಡಿದು, ಹೆಬ್ಬೆರಳನ್ನು ಮೂಸಿ, ನಿಧಾನವಾಗಿ ನೋಡುತ್ತಾಳೆ. ಆಮೇಲೆ ಅವಳು "ಪಾಸ್" ಎನ್ನುತ್ತಾಳೆ, ನಾನು ಕೆಲಸ ಶುರು ಮಾಡುತ್ತೇನೆ.