ಗೇಣುದ್ದದ ನಾಲ್ಕು ದಬ್ಬೆ

ಹೋದ ತಿಂಗಳು ಸಾಗರದ ನಮ್ಮ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದ ಮೇಲಿಂದ ನನ್ನ ಹಳೆಯ ಟಪಾಲು ಚೀಲ ಕೆಳಗೆ ಬಿತ್ತು. ಒಳಗೆ ಪಂಚೆಯ ಚೂರಿನಲ್ಲಿ ಸುತ್ತಿಟ್ಟ ನಾಲ್ಕು ಬಿದಿರ ದಬ್ಬೆ. ಒಂದೊಂದೂ ಗೇಣುದ್ದ, ಅಂಚು ಹೆರೆದು ನಯ ಮಾಡಿದ್ದು. ಮೂಗಿಗೆ ಹಿಡಿದರೆ ಇನ್ನೂ ಎಣ್ಣೆಯ ಕಮಟು ವಾಸನೆ...

"ಎಂತ ಮಾವ ಇದು? ಬಚ್ಚಲೊಲೆಗೆ ಹಾಕ್ಲಾ?" ಎಂದು ಸೊಸೆ ಕೇಳಿದಳು. ಬೇಡ ಎಂದೆ. ಅವಳ ಕೈಯಿಂದ ಇಸಿದುಕೊಂಡೆ.

ಅದು ಕಟ್ಟಿನಜ್ಜನ ಎಣ್ಣೆ. ಮುರಿದ ಎಲುಬಿಗೆ ಕಟ್ಟು ಹಾಕುತ್ತಿದ್ದುದರಿಂದ ಹೊಸನಗರ, ಸಾಗರ, ತೀರ್ಥಹಳ್ಳಿ ಮೂರೂ ತಾಲೂಕಿನವರಿಗೆ ಅವನು ಕಟ್ಟಿನಜ್ಜ. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಅವನ ಕೆಲಸದಲ್ಲಿ ಕನಿಕರ ಎಂಬುದು ಇರಲಿಲ್ಲ. ಮುರಿದ ಕೈ ಹಿಡಿದುಕೊಂಡು ಬಂದವರ ಕೆನ್ನೆಗೆ ಮೊದಲು ಛಟೀರನೆ ಒಂದು ಬಿಗಿಯುತ್ತಿದ್ದ. ಯಾಕೆ ಹೊಡೆದೆ ಎಂದು ಅವರು ಬಾಯಿ ತೆರೆಯುವಷ್ಟರಲ್ಲಿ ಎಲುಬನ್ನು ಎಳೆದು ಕೂರಿಸಿಬಿಟ್ಟಿರುತ್ತಿದ್ದ. ಆಮೇಲೆ ಸೊಪ್ಪು ಬೇರು ಅರೆದ ಲೇಪ, ಅದರ ಮೇಲೆ ಮೊಟ್ಟೆಯ ಲೋಳೆಯಲ್ಲಿ ಕಲಸಿದ ಉದ್ದಿನ ಹಿಟ್ಟು, ಬಟ್ಟೆ, ಸುತ್ತ ಬಿದಿರ ದಬ್ಬೆ. ಅತ್ತವರಿಗೆ ಬೈಗುಳ ಬೇರೆ.

ಆಸ್ಪತ್ರೆಗೆ ಹೋಗಬಾರದಿತ್ತೇ ಎಂದು ಈಗಿನವರು ಸಲೀಸಾಗಿ ಕೇಳುತ್ತಾರೆ. ಪ್ಲಾಸ್ಟರ್ ಹಾಕಿಸಬೇಕೆಂದರೆ ಶಿವಮೊಗ್ಗಕ್ಕೇ ಹೋಗಬೇಕಿತ್ತು. ನಮ್ಮ ಕಡೆಯ ಡಿಸ್ಪೆನ್ಸರಿಯಲ್ಲಿ ಇದ್ದದ್ದು ಒಬ್ಬ ಕಾಂಪೌಂಡರು, ಎಲ್ಲ ಕಾಯಿಲೆಗೂ ಒಂದೇ ಬಾಟಲಿಯ ಕೆಂಪು ನೀರು. ಜೋಗದ ಕಡೆ ಡ್ಯಾಮಿನ ಕೆಲಸದವರಿಗೆಂದು ದವಾಖಾನೆ ಇತ್ತಂತೆ, ಇದ್ದರೆ ಅವರಿಗಾಯಿತು. ಶರಾವತಿ ದಂಡೆಯಲ್ಲಿ ಕಟ್ಟು ಹಾಕುವ ಇನ್ನೊಂದು ಮನೆಯಿತ್ತು. ಹೊಳೆಗೆ ಅಡ್ಡ ಕಟ್ಟಿ ನೀರು ನಿಲ್ಲಿಸಿದ ಮೇಲೆ ಆ ಮನೆಯವರು ಎತ್ತಲೋ ಹೋದರು, ಅವರು ಮದ್ದಿಗೆ ಕೀಳುತ್ತಿದ್ದ ಗಿಡಗಳೂ ಮುಳುಗಿದವು. ಉಳಿದವನು ಇವನೊಬ್ಬ.

ಇವನಿಗೋ ಸಾವಿರ ಕಟ್ಟಳೆ. ಅಮಾವಾಸ್ಯೆಯಂದು ಬೇರು ಕೀಳುವುದಿಲ್ಲ. ಹೊರಗಿನವರಿಗೆ ಮದ್ದು ಹೇಳಿಕೊಡುವುದಿಲ್ಲ. ಸಾವಿನ ಸೂತಕ ಬಂದರೆ ಹನ್ನೊಂದು ದಿನ ಮದ್ದಿನ ಮಡಕೆ ಮುಟ್ಟುವುದಿಲ್ಲ, ಮುಟ್ಟಿದರೆ ಕೈಗುಣ ಹೋಗುತ್ತದೆ ಎಂದು ಅವನ ಅಪ್ಪ ಹೇಳಿ ಸತ್ತಿದ್ದನಂತೆ. ದೂರದ ಸಾವಾದರೆ ಸೂತಕ ಹಿಡಿಯುವುದು ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ. ಬೀಳುವ ತನಕ ಏನೂ ಇಲ್ಲ.

ಆ ಸುದ್ದಿ ತರುವವನು ನಾನು. ನನಗಾಗ ಇಪ್ಪತ್ತನಾಲ್ಕು. ಹೊಸನಗರದ ಕಡೆಯ ನಮ್ಮ ಹಳ್ಳಿಯ ಟಪಾಲು ಕಚೇರಿ ನಮ್ಮ ಮನೆಯ ಚಾವಡಿಯಲ್ಲೇ ಇತ್ತು. ಠಸ್ಸೆ ಹೊಡೆಯುವವನು, ಹಂಚುವವನು, ಓದು ಬಾರದವರಿಗೆ ಓದಿ ಹೇಳುವವನು ಎಲ್ಲ ನಾನೇ. ಕಟ್ಟಿನಜ್ಜನಿಗೂ ಓದು ಬರುತ್ತಿರಲಿಲ್ಲ.

ನನ್ನ ತಂಗಿಗೆ ಸಾಗರದ ಕಡೆಯ ಸಂಬಂಧ ಕುದುರುತ್ತಾ ಇತ್ತು. ಗಂಡಿನ ಕಡೆಯವರು ಎರಡನೇ ಸಲ ಬರುವುದಕ್ಕೆ ತಿಂಗಳಿದೆ ಎನ್ನುವಾಗ ಅವಳು ಬಾವಿಕಟ್ಟೆಯ ಪಾಚಿಗೆ ಜಾರಿ ಬಲಗೈ ಮುರಿದುಕೊಂಡಳು. ಸೊಟ್ಟ ಕೈಯವಳನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಅಮ್ಮ ಎದೆ ಬಡಿದುಕೊಂಡಳು. ಸೋಮವಾರ ಕಟ್ಟಿನಜ್ಜನ ಹತ್ತಿರ ಕರೆದುಕೊಂಡು ಹೋದೆ. ಕೆನ್ನೆಗೆ ಬಿತ್ತು, ಎಲುಬು ಕೂತಿತು.

"ಗುರುವಾರ ಕರ್ಕಂಡ್ ಬನ್ನಿ ಪೋಸ್ಟ್ ಮಾಷ್ಟ್ರೇ. ಬಿಚ್ಚಿ ನೋಡಿ ಎರಡ್ನೇ ಕಟ್ಟು ಹಾಕ್ಬೇಕು. ಅದು ತಪ್ಪಿದ್ರೆ ಒಳಗೊಳಗೇ ಸರೀತದೆ," ಎಂದ.

ಮಂಗಳವಾರದ ಚೀಲದಲ್ಲಿ ಮೂಲೆ ಹರಿದ ಕಾರ್ಡು ಬಂತು. ಮೂಲೆ ಹರಿದಿದ್ದರೆ ಸಾವಿನ ಕಾಗದ ಎಂದು ಎಲ್ಲರಿಗೂ ಗೊತ್ತು. ಅದನ್ನು ಮನೆಯೊಳಗೆ ಒಯ್ಯುವುದಿಲ್ಲ, ಅಂಗಳದಲ್ಲೇ ಓದಿ ಹರಿದು ಹಾಕುತ್ತಾರೆ. ತೀರ್ಥಹಳ್ಳಿಯ ಹತ್ತಿರ ಇದ್ದ ಕಟ್ಟಿನಜ್ಜನ ಅಣ್ಣ ಸೋಮವಾರ ಬೆಳಗಿನ ಜಾವ ತೀರಿಕೊಂಡಿದ್ದ. ಹಿಸ್ಸೆಯ ಜಗಳದಲ್ಲಿ ಮಾತು ಬಿಟ್ಟ ಮನೆ. ಆಳು ಕಳಿಸಿ ತಿಳಿಸುವಷ್ಟು ನಂಟು ಉಳಿದಿರಲಿಲ್ಲ, ಅಣ್ಣನ ಮಗ ಕಾರ್ಡು ಗೀಚಿದ್ದ. ಬುಧವಾರ ಸುಡುಗಾಡಿನಲ್ಲಿ ಎಲುಬು ಆರಿಸುವುದು, ಬರುವುದಾದರೆ ಬರಬಹುದು ಎಂದಷ್ಟೇ ಇತ್ತು.

ನಾನು ಕಾರ್ಡನ್ನು ಮೇಜಿನ ಖಾನೆಗೆ ಹಾಕಿ ಬೀಗ ಹಾಕಿದೆ. ಕೊಟ್ಟರೆ ಗುರುವಾರದ ಕಟ್ಟು ತಪ್ಪುತ್ತದೆ. ಮನಸ್ಸು ಹೊಯ್ದಾಡಿತು ಎಂದೆಲ್ಲ ಬರೆಯಬಹುದು, ಆದರೆ ಹಾಗೇನೂ ಆಗಲಿಲ್ಲ. ಎರಡು ರಾತ್ರಿ ಚೆನ್ನಾಗಿಯೇ ನಿದ್ದೆ ಮಾಡಿದೆ.

ಗುರುವಾರ ಹೋದಾಗ ಜಗಲಿಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು, ಮಡಿಲಲ್ಲಿ ಆರು ವರ್ಷದ ಮಗಳು. ನಿಟ್ಟೂರಿನ ದಾರಿಯಲ್ಲಿ ನಾನು ಟಪಾಲು ಹಂಚುವ ಕೊನೆಯ ಮನೆಯವರು. ಹುಡುಗಿ ಪೇರಲೆ ಮರದಿಂದ ಬಿದ್ದು ಮೊಣಕಾಲ ಕೆಳಗೆ ಎಲುಬು ಮುರಿದಿತ್ತು. ಅಷ್ಟು ದೂರವೂ ತಾಯಿ ಹೊತ್ತುಕೊಂಡೇ ಬಂದಿದ್ದಳು.

"ಸ್ವಲ್ಪ ತಡಿ ತಾಯಿ, ಇವ್ರದ್ದು ಎರಡ್ನೇ ಕಟ್ಟು, ಬೇಗ ಆಗ್ತದೆ," ಎಂದು ಅಜ್ಜ ನನ್ನ ತಂಗಿಯನ್ನೇ ಮೊದಲು ಕರೆದ. ಬಿಚ್ಚಿದ, ಒತ್ತಿ ನೋಡಿದ, ಬಿಗಿಯಾಗಿ ಕಟ್ಟಿದ. "ನೆಟ್ಟಗೆ ಕೂತೈತೆ. ಇನ್ನ್ ಹೆದ್ರಬ್ಯಾಡಿ." ಆಮೇಲೆ ಹುಡುಗಿಯ ಕಾಲಿಗೆ ಗೇಣು ಹಾಕಿ ಅಳತೆ ತೆಗೆದ. ಬಿದಿರು ಸೀಳಿ, ನಾಲ್ಕು ದಬ್ಬೆ ಹೆರೆದು, ಎಣ್ಣೆ ಹಚ್ಚಿ ಪಕ್ಕಕ್ಕಿಟ್ಟ.

ಖಾನೆಯಿಂದ ತೆಗೆದು ತಂದಿದ್ದ ಕಾರ್ಡು ನನ್ನ ಚೀಲದಲ್ಲಿತ್ತು. ಟಪಾಲು ಬಸ್ಸಿಗೆ ಹೊತ್ತಾಗುತ್ತಿತ್ತು. ಇನ್ನು ಅರ್ಧ ಗಂಟೆ ಕಾದಿದ್ದರೆ... ಕಾಯಲಿಲ್ಲ. ಮರುದಿನ ಕೊಡಬಹುದಿತ್ತು, ಅದನ್ನೂ ಮಾಡಲಿಲ್ಲ. ಇಟ್ಟುಕೊಂಡಷ್ಟೂ ಸಿಕ್ಕಿಬೀಳುವ ಭಯ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ, ಈ ವಯಸ್ಸಿನಲ್ಲಿ ಸುಳ್ಳೇಕೆ ಹೇಳಲಿ? ನನ್ನ ಕೆಲಸ ಆಗಿತ್ತು.

"ಅಜ್ಜ, ಒಂದು ಕಾಗ್ದ ಇದೆ. ಅಂಗಳಕ್ಕೆ ಬನ್ನಿ," ಎಂದೆ.

ಅಂಗಳಕ್ಕೆ ಎಂದ ಕೂಡಲೇ ಅವನಿಗೆ ಅರ್ಥವಾಯಿತು. ಕೈಯಲ್ಲಿದ್ದ ಕತ್ತಿ ಕೆಳಗಿಟ್ಟು ಬಂದು ನಿಂತ. ನಾನು ಓದಿದೆ. ಸೋಮವಾರ, ಬುಧವಾರ ಎಂಬ ಎರಡನ್ನೂ ನುಂಗಿಕೊಂಡು ಅಣ್ಣ ಹೋದ ಎಂಬುದನ್ನಷ್ಟೇ ಓದಿದೆ. ಅವನು ಅಳಲಿಲ್ಲ. ಬಾವಿಗೆ ಹೋಗಿ ಎರಡು ಕೊಡ ನೀರು ತಲೆ ಮೇಲೆ ಸುರಿದುಕೊಂಡು ಬಂದು, ಜಗಲಿಯಿಂದ ದೂರ ನಿಂತ.

ತಾಯಿಗೆ ದಿಕ್ಕು ತೋಚಲಿಲ್ಲ. "ಅಜ್ಜ, ದಮ್ಮಯ್ಯ, ಇದೊಂದ್ ಕಟ್ಟಿ. ಆಮೇಲೆ ಸುದ್ದಿ ಬಂತು ಅಂತ ಮಾಡ್ಕಳಿ."

"ಕೇಳಿದ್ ಮೇಲೆ ಆತು. ಹನ್ನೊಂದ್ ದಿನ ಬಿಟ್ ಬಾ."

"ಅಷ್ಟ್ರೊಳಗೆ ಹೆಂಗೆಂಗೋ ಕೂಡ್ಕಂಡ್ ಬಿಡ್ತದಲ್ಲ ಅಜ್ಜ!"

"ಕೂಡ್ಕಳ್ಲಿ. ಮುರ್ದು ಕಟ್ತೀನಿ."

ಅಲ್ಲಿಯ ತನಕ ಅಳುತ್ತಿದ್ದ ಹುಡುಗಿ ಆ ಮಾತು ಕೇಳಿ ಸುಮ್ಮನಾದಳು. ತಾಯಿ ನನ್ನ ಕಡೆ ತಿರುಗಿದಳು. "ಪೋಸ್ಟ್ ಮಾಷ್ಟ್ರೇ, ಒಂದ್ ಗಳಿಗೆ ತಡೀಬಾರ್ದಿತ್ತಾ?"

"ಸರ್ಕಾರಿ ಕೆಲಸ. ಬಂದ ದಿನವೇ ಮುಟ್ಟಿಸ್ಬೇಕು," ಎಂದೆ. ಹೇಳುವಾಗ ನಾಲಿಗೆ ತೊದಲಲೂ ಇಲ್ಲ. ತಂಗಿಯನ್ನು ಕರೆದುಕೊಂಡು ಹೊರಟೆ. ಬಸ್ಸು ಸಿಕ್ಕಿತು.

ಆ ತಾಯಿ ಮಗಳನ್ನು ಡಿಸ್ಪೆನ್ಸರಿಗೆ ಹೊತ್ತುಕೊಂಡು ಹೋದಳಂತೆ. ಕಾಂಪೌಂಡರು ಬಟ್ಟೆ ಸುತ್ತಿ ಕಳಿಸಿದ. ಹನ್ನೊಂದು ದಿನ ಕಳೆದ ಮೇಲೆ ಹುಡುಗಿ ಕಟ್ಟಿನಜ್ಜನ ಹೆಸರೆತ್ತಿದರೆ ಕಿರುಚುತ್ತಿದ್ದಳು. ಮುರಿಸಲು ತಾಯಿಗೂ ಧೈರ್ಯ ಬರಲಿಲ್ಲ. ಕಾಲು ಸೊಟ್ಟಗೆ ಕೂಡಿಕೊಂಡು ಗಿಡ್ಡವಾಯಿತು.

ಹದಿನೈದು ದಿನದ ಮೇಲೆ ಕಟ್ಟಿನಜ್ಜ ನಮ್ಮ ಚಾವಡಿಗೆ ಬಂದ. ತೀರ್ಥಹಳ್ಳಿಗೆ ಹೋಗಿ, ಅಣ್ಣ ಸತ್ತ ದಿನವನ್ನೂ ಕಾರ್ಡು ಹಾಕಿದ ದಿನವನ್ನೂ ಕೇಳಿಕೊಂಡು ಬಂದಿದ್ದ. ಮಾಷ್ಟ್ರೇ ಎನ್ನಲಿಲ್ಲ.

"ಮಂಗಳವಾರ ಬಂದಿತ್ತು. ಗುರುವಾರ ಕೊಟ್ಟೆ. ಹೌದಾ ಅಲ್ವಾ?"

ನಾನು ಠಸ್ಸೆಯ ಮೇಲಿನ ಶಾಯಿ ಒರೆಸುತ್ತಾ ಕೂತೆ.

"ಊರೋರ್ ಎಲುಬೆಲ್ಲಾ ಜೋಡ್ಸಿದೀನಿ. ನನ್ನಣ್ಣನ್ ಎಲುಬು ಆರ್ಸೋಕ್ ನಾ ಇರ್ಲಿಲ್ಲ. ಸೂತಕದ್ ಕೈಲಿ ಮದ್ದು ಬ್ಯಾರೆ ಮುಟ್ಟಿಸ್ದೆ ನೀನು."

ಆಗಲಾದರೂ ಕಾಲಿಗೆ ಬೀಳಬಹುದಿತ್ತು. ನನಗೆ ಗೆಲ್ಲುವ ಚಪಲ. "ಸುದ್ದಿ ಕೇಳೋ ತನಕ ಸೂತಕ ಇಲ್ಲ ಅಂತ ನೀವೇ ಹೇಳ್ತಿದ್ರಿ. ಈಗ ಇತ್ತು ಅಂತೀರಿ. ಇದ್ರೂ ತಂಗಿ ಕೈ ನೆಟ್ಟಗೇ ಕೂತಿದೆಯಲ್ಲ ಅಜ್ಜ? ನಿಮ್ಮ ಕೈಗುಣಕ್ಕೆ ಏನೂ ಆಗ್ಲಿಲ್ಲ," ಎಂದೆ.

ಅವನ ಮುಖ ಬಿಳುಚಿಕೊಂಡಿತು. ಆ ಮಾತಿನ ಇನ್ನೊಂದು ತುದಿ ಎಲ್ಲಿಗೆ ಹೋಗಿ ಚುಚ್ಚುತ್ತದೆ ಎಂದು ನನಗಿಂತ ಮೊದಲು ಅವನಿಗೆ ಹೊಳೆದಿತ್ತು. ಸೂತಕದಲ್ಲೂ ಕೈ ನಡೆಯುತ್ತದೆ ಎಂದಾದರೆ ಆ ಹುಡುಗಿಯನ್ನು ಸುಮ್ಮನೆ ವಾಪಸು ಕಳಿಸಿದ ಹಾಗಾಯಿತು... ಅವನು ಹೆಗಲ ವಸ್ತ್ರದ ಗಂಟು ಬಿಚ್ಚಿ ಆ ನಾಲ್ಕು ದಬ್ಬೆಗಳನ್ನು ಮೇಜಿನ ಮೇಲಿಟ್ಟ.

"ಆ ಕೂಸಿಗೆ ಅಂತ ಹೆರ್ದಿದ್ದು. ನೀನೇ ಮುಟ್ಸು."

ಅವನು ಮತ್ತೆ ಯಾರಿಗೂ ಕಟ್ಟು ಹಾಕಲಿಲ್ಲ. ದೂರದೂರದಿಂದ ಗಾಡಿಯಲ್ಲಿ ಬಂದವರು ಜಗಲಿಯ ಮೇಲೆ ನರಳುತ್ತಾ ಕೂತರೂ ಹೊರಗೆ ಬರುತ್ತಿರಲಿಲ್ಲವಂತೆ. ಮಗನಿಗೂ ಮದ್ದು ಹೇಳಿಕೊಡಲಿಲ್ಲ. ಕಲಿತರೆ ಯಾರನ್ನೋ ವಾಪಸು ಕಳಿಸಬೇಕಾಗುತ್ತದೆ ಎಂದನಂತೆ. ಐದಾರು ವರ್ಷಕ್ಕೆ ಹೋದ. ಮೂರು ತಾಲೂಕಿನಲ್ಲಿ ಆಮೇಲೆ ಎಷ್ಟು ಕೈಕಾಲು ಸೊಟ್ಟಗಾದವೋ ಲೆಕ್ಕ ಇಟ್ಟವರಿಲ್ಲ. ಅದರಲ್ಲಿ ನನ್ನ ಪಾಲು ಎಷ್ಟು ಎಂದು ಮಾತ್ರ ನಾನು ಆಗಾಗ ಯೋಚಿಸುತ್ತಿದ್ದೆ.

ತಂಗಿಗೆ ಮದುವೆಯಾಯಿತು. ಆ ಕೈಯಲ್ಲೇ ರೊಟ್ಟಿ ತಟ್ಟಿ, ಮಕ್ಕಳನ್ನು ಎತ್ತಿ, ಮೂರು ವರ್ಷದ ಹಿಂದೆ ತೀರಿಕೊಂಡಳು. ಕಾರ್ಡಿನ ವಿಷಯ ಅವಳಿಗೆ ನಾನು ಹೇಳಲೇ ಇಲ್ಲ. ನಿಟ್ಟೂರಿನ ದಾರಿಯ ಆ ಕೊನೆಯ ಮನೆಗೆ, ನಿವೃತ್ತಿಯಾಗಿ ಸಾಗರಕ್ಕೆ ಬರುವ ತನಕ ಟಪಾಲು ಕೊಟ್ಟೆ. ಹುಡುಗಿ ಒಂದು ಕೈಯನ್ನು ಮೊಣಕಾಲ ಮೇಲೆ ಊರಿಕೊಂಡು ಅಂಗಳ ದಾಟಿ ಬಂದು ಇಸಿದುಕೊಳ್ಳುತ್ತಿದ್ದಳು. ಅವಳನ್ನು ಹೆಣ್ಣು ನೋಡಲು ಯಾರೂ ಬರಲಿಲ್ಲ, ತನ್ನ ಅಣ್ಣನ ಜೊತೆ ಅದೇ ಮನೆಯಲ್ಲಿ ಉಳಿದಳು. ದಬ್ಬೆಗಳು ಅಷ್ಟು ವರ್ಷವೂ ನನ್ನ ಚೀಲದ ತಳದಲ್ಲಿದ್ದವು.

ಸುಣ್ಣಬಣ್ಣ ಮುಗಿದ ವಾರ ಮೊಮ್ಮಗನ ಕಾರಿನಲ್ಲಿ ಆ ಮನೆಗೆ ಹೋದೆ. ಅವಳಿಗೀಗ ತಲೆಯೆಲ್ಲ ಬೆಳ್ಳಗಾಗಿದೆ. ಗುರುತು ಹಿಡಿದು, "ಹೋ, ಪೋಸ್ಟ್ ಮಾಷ್ಟ್ರು ಬಂದ್ರಾ?" ಎಂದು ಕೂರಿಸಿದಳು. ನಾನು ಎಲ್ಲವನ್ನೂ ಹೇಳಿದೆ. ಮಂಗಳವಾರ, ಗುರುವಾರ, ಬೀಗ ಹಾಕಿದ ಖಾನೆ.

"ಏನೋ ಇತ್ತು ಅಂತ ಗೊತ್ತಿತ್ತು. ಕಾಗ್ದ ಕೊಡ್ವಾಗೆಲ್ಲ ನೀವು ನನ್ ಮುಖ ನೋಡ್ತಿರ್ಲಿಲ್ಲ, ಕಾಲು ನೋಡ್ತಿದ್ರಿ," ಎಂದಳು.

ದಬ್ಬೆಗಳನ್ನು ಮುಂದೆ ಹಿಡಿದೆ. ಒಂದನ್ನು ತೆಗೆದುಕೊಂಡು ತನ್ನ ಮೊಣಕಾಲ ಕೆಳಗೆ ಇಟ್ಟು ನೋಡಿದಳು. ಅದು ಕಾಲ್ಗಂಟಿನ ತನಕ ಮುಟ್ಟಲಿಲ್ಲ. ಮತ್ತೆ ನನ್ನ ಕೈಗೇ ಕೊಟ್ಟಳು.

"ಇದು ಆರು ವರ್ಷದ್ ಹುಡ್ಗಿದು. ಅವ್ಳು ಈ ಮನೇಲಿ ಇಲ್ಲ. ವಾಪಸ್ ತಗಂಡ್ ಹೋಗಿ."

ಕಾಫಿ ಕೊಡುತ್ತಾಳೇನೋ ಎಂದುಕೊಂಡೆ. ಅವಳು ಮೊಣಕಾಲ ಮೇಲೆ ಕೈಯೂರಿಕೊಂಡು ಎದ್ದು ಒಳಗೆ ಹೋದಳು, ಮತ್ತೆ ಬರಲಿಲ್ಲ. ವಿಳಾಸದಾರರು ಇಲ್ಲ ಎಂದು ನೂರಾರು ಲಕೋಟೆಗಳ ಮೇಲೆ ಬರೆದು ಹಿಂದಕ್ಕೆ ಕಳಿಸಿದವನು ನಾನು. ಇದನ್ನು ಕಳಿಸಿದವನೂ ಈಗ ಇಲ್ಲ.

ದಬ್ಬೆಗಳು ಮತ್ತೆ ಚೀಲದಲ್ಲಿವೆ. ಇದನ್ನು ಬರೆಯುತ್ತಿರುವ ಕೈಗೂ ಆ ಎಣ್ಣೆಯ ವಾಸನೆ ಹತ್ತಿದೆ.