ಸುಲಿಯದೆ ಹೂಳಿದ ಎತ್ತು

ಮೊನ್ನೆ ಎದುರು ಮನೆಯವರು ಸುಣ್ಣದ ಹರಳಿಗೆ ನೀರು ಹಾಕಿದರು. ಬುಸುಗುಟ್ಟಿ ಎದ್ದ ಬಿಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕಂಪ್ಲಿಯ ನಮ್ಮ ಹೊಲ, ಸತ್ತ ಎತ್ತು, ಅದರ ಪಕ್ಕ ಕದಲದೆ ಕೂತ ಆ ಅಜ್ಜ... ಎಲ್ಲ ಕಣ್ಣಮುಂದೆ ಬಂತು. ಆಗ ನಾನು ಅವನನ್ನು ಅಜ್ಜ ಎಂದು ಕರೆದವನಲ್ಲ.

ಹೊಳೆಗೆ ಇನ್ನೂ ಡ್ಯಾಂ ಕಟ್ಟಿರದ, ಮದ್ರಾಸ್ ಸರಕಾರಕ್ಕೆ ಕಂದಾಯ ಕಟ್ಟುತ್ತಿದ್ದ ಕಾಲ. ನನಗೆ ಇಪ್ಪತ್ತೈದರ ಬಿಸಿರಕ್ತ. ಎತ್ತು ಹೂಡಿ ಬಾವಿಯಿಂದ ಕಪಿಲೆ ಹೊಡೆದು ಕಬ್ಬಿಗೆ ನೀರು ಹಾಯಿಸುತ್ತಿದ್ದೆವು. ನೀರೆತ್ತುವ ತೊಗಲಿನ ಬಾನಿ ಹೊಲಿಯುವವನು ಊರಾಚೆಯ ಕೇರಿಯ ಆ ಅಜ್ಜನೇ. ದನ ಸತ್ತರೆ ಸುಲಿಯುವವನೂ ಅವನೇ. ಬಾನಿಗೆ ಬೇಕಾದಷ್ಟು ತೊಗಲು ನಮಗೆ, ಉಳಿದದ್ದು ಅವನಿಗೆ.

ಸಂಜೆ ಮೇವು ತಿಂದಿದ್ದ ನನ್ನ ಎತ್ತು ಬೆಳಗಾಗುವಷ್ಟರಲ್ಲಿ ಹೊಟ್ಟೆ ಉಬ್ಬಿ ಸತ್ತುಬಿದ್ದಿತ್ತು. ಮೂಗಿನಲ್ಲಿ ಕಪ್ಪು ರಕ್ತ. ದುಃಖವಾಯಿತು, ಸುಳ್ಳೇಕೆ, ಬೆನ್ನಿಗೇ ಹರಿದ ಬಾನಿಯ ನೆನಪೂ ಆಯಿತು. ಅವನಿಗೆ ಹೇಳಿಕಳಿಸಿದೆ. ಬಂದವನು ಆ ರಕ್ತ ನೋಡಿ ಕತ್ತಿಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿದ.

"ಇದಕ್ಕ ಕತ್ತಿ ಹಚ್ಚಬಾರದ್ರಿ ಧಣಿ. ನೆರಡಿ ಬ್ಯಾನಿ ಇದು. ನಮ್ಮಣ್ಣ ಇಂಥಾದ್ನ ಸುಲ್ದು, ಕೈಮ್ಯಾಗ ಕರೇ ಹುಣ್ಣೆದ್ದು ಸತ್ತ. ರಕ್ತ ನೆಲಕ್ಕ ಹರದ್ರ ಊರ ದನ ಉಳಿಯಂಗಿಲ್ಲ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಹಂಗಿಸಿದೆ. ಹೊಸಪೇಟೆಯಿಂದ ಬೇರೆಯವನನ್ನು ಕರೆಸುತ್ತೇನೆಂದು ಕೂಗಾಡಿದೆ. ಅವನು ಎತ್ತಿನ ಪಕ್ಕ ಕೂತೇಬಿಟ್ಟ.

"ಕರೆಸ್ರಿ. ಮೊದ್ಲು ನನ್ನ ಎಬ್ಬಸ್ರಿ."

ಬಿಸಿಲು ನೆತ್ತಿಗೇರಿದರೂ ಏಳಲಿಲ್ಲ. ಮುಟ್ಟಿದರೆ ಮೈಲಿಗೆ ಎನ್ನುವವರು ನಾವು. ರಟ್ಟೆ ಹಿಡಿದು ಎಬ್ಬಿಸುವವರು ಯಾರು? ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು.

ಕೊನೆಗೆ ನಾನೇ ಸೋತೆ. ಹಾರೆ, ಸಲಿಕೆ, ಎರಡು ಚೀಲ ಸುಣ್ಣ ಕೇಳಿದ. ಎತ್ತಿನ ಬೆನ್ನಿಗೆ ಹತ್ತಿಯೇ ಆಳುದ್ದದ ಕುಣಿ ತೋಡಿ, ಹಾರೆಯಿಂದ ಮೀಟಿ ಉರುಳಿಸಿದ. ರಕ್ತ ಬಿದ್ದ ಮಣ್ಣನ್ನೂ ಕೆರೆದು ಹಾಕಿ, ಮೇಲೆ ಸುಣ್ಣ ಸುರಿದು ನೀರು ಹೊಯ್ದ. ನಾನು ಬೇವಿನ ನೆರಳಲ್ಲಿ ನಿಂತು ನೋಡಿದೆ, ಕೈ ಹಚ್ಚಲಿಲ್ಲ. ಕಣ್ಣಿಗೆ ಕಾಣದ ಆ ಸೋಂಕು ನೆಲದಲ್ಲಿ ವರ್ಷಗಟ್ಟಲೆ ಬದುಕುತ್ತದೆಂದು ದನದ ಡಾಕ್ಟರೊಬ್ಬರು ಎಷ್ಟೋ ಕಾಲದ ಮೇಲೆ ಹೇಳಿದರು. ಆ ಬೇಸಿಗೆ ನಮ್ಮೂರಲ್ಲಿ ಇನ್ನೊಂದು ದನ ಸಾಯಲಿಲ್ಲ.

ವಾರದೊಳಗೆ, ತಾನು ಸಂತೆಯಲ್ಲಿ ಮಾರಲೆಂದು ಹದ ಮಾಡಿಟ್ಟಿದ್ದ ತೊಗಲಿನಲ್ಲೇ ಬಾನಿ ಹೊಲಿದು ತಂದುಕೊಟ್ಟ. ನನ್ನ ಕಬ್ಬು ಉಳಿಯಿತು.

ಎರಡು ವರ್ಷ ಬಿಟ್ಟು ಚಳಿಜ್ವರದಲ್ಲಿ ಅಜ್ಜ ತೀರಿಕೊಂಡ. ಮಣ್ಣಿಗೆ ನಮ್ಮ ಕೇರಿಯಿಂದ ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ...

ಈಗ ಎಂಬತ್ತು ದಾಟಿದೆ. ಎತ್ತನ್ನು ಹೂಳಿದ ಜಾಗವನ್ನು ಕಣ್ಣು ಮುಚ್ಚಿಕೊಂಡು ತೋರಿಸಬಲ್ಲೆ. ಅಜ್ಜನನ್ನು ಎಲ್ಲಿ ಹೂಳಿದರೋ, ನನಗೆ ಗೊತ್ತಿಲ್ಲ.